ಹೊಳೆಯ ಲೆಕ್ಕ ಹಿಡಿದ ಪ್ರೊಫೆಸರ್ ಮಹಲನೋಬಿಸ್



ಪ್ರತಿ ವರ್ಷ ಜೂನ್ 29ನ್ನು ನಮ್ಮ ದೇಶದಲ್ಲಿ ಸಂಖ್ಯಾಶಾಸ್ತ್ರ ದಿನ ಎಂದು ಆಚರಿಸುತ್ತಾರೆ. ಅದು ಪ್ರೊಫೆಸರ್ ಪ್ರಶಾಂತಚಂದ್ರ ಮಹಲನೋಬಿಸ್ ಅವರು ಹುಟ್ಟಿದ ದಿನ. ಕಾಮರ್ಸ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡವರಿಗೆ ಈ ಹೆಸರು ಗೊತ್ತು. ನನಗೂ ಹೆಸರು ಮಾತ್ರ ಗೊತ್ತಿತ್ತು. ಅವರ ಜೀವನವನ್ನು ಓದಬೇಕೆನಿಸಿದ್ದು ನಾನೊಂದು ತಪ್ಪು ಲೆಕ್ಕ ಮಾಡಿದ ಮೇಲೆ. ಮೊದಲು ಅದನ್ನೇ ಹೇಳುತ್ತೇನೆ.

ನಮ್ಮದು ಜಮಖಂಡಿ ತಾಲೂಕಿನ ತುಬಚಿ. ಕೃಷ್ಣಾ ಹೊಳೆ ಹತ್ತಿರದಲ್ಲೇ ಇದೆ. ಹೊಳೆದಂಡೆಯ ಹೊಲದಲ್ಲಿ ಕಬ್ಬಿಗೆ ನೀರು ಹಾಯಿಸಲು ಪಂಪಿನ ಕೋಣೆ ಇದೆ. 2019ರ ಆಗಸ್ಟ್‌ನಲ್ಲಿ ಮಹಾಪೂರ ಬಂದಾಗ ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಆಗ ಕೋಣೆಯೊಳಗೆ ನೀರು ನುಗ್ಗಿ ಸ್ಟಾರ್ಟರ್ ಪೆಟ್ಟಿಗೆ ಸುಟ್ಟುಹೋಯಿತು. ಹೊಸದನ್ನು ತರಲು ಅಬ್ಬಾ ಸಾಲ ಮಾಡಬೇಕಾಯಿತು. ಕೋಣೆಯ ಗೋಡೆಯ ಮೇಲೆ ದಾದಾ ನೀರು ನಿಂತ ಗುರುತುಗಳನ್ನು ಮೊಳೆಯಿಂದ ಕೆತ್ತಿಟ್ಟಿದ್ದಾರೆ. ಒಟ್ಟು ಮೂರು ಗೆರೆ. ನೆಲದಿಂದ ಎರಡು ಅಡಿಗೆ ಒಂದು, ಮೂರು ಅಡಿಗೆ ಒಂದು, ನಾಲ್ಕು ಅಡಿಗೆ ಒಂದು. ನಾಲ್ಕು ಅಡಿಯದು 2019ರದ್ದು.

ಹೋದ ಬೇಸಿಗೆಯಲ್ಲಿ ಅಬ್ಬಾ ಪೆಟ್ಟಿಗೆ ಇಡಲು ಎರಡು ಅಡಿ ಎತ್ತರದ ಕಟ್ಟೆ ಕಟ್ಟಿಸುವ ವಿಚಾರ ಮಾಡಿದರು. ನಾನು ಪಠ್ಯಪುಸ್ತಕದ ಸೂತ್ರ ಹಾಕಿದೆ. ನೀರಿನ ನಿಜವಾದ ಸರಾಸರಿ ಎತ್ತರ ಎರಡೇ ಅಡಿ ಎಂಬುದನ್ನು ನಲ್ ಹೈಪಾಥೆಸಿಸ್, ಅಂದರೆ ಶೂನ್ಯ ಊಹೆ, ಎಂದು ಇಟ್ಟುಕೊಂಡೆ. ಮೂರು ಗೆರೆಗಳ ಸರಾಸರಿ 3, ಪ್ರಮಾಣ ವಿಚಲನೆ 1. ಟಿ ಬೆಲೆ 1.73 ಬಂತು. ಕೋಷ್ಟಕದಲ್ಲಿ ಶೇ. 5ರ ಮಟ್ಟಕ್ಕೆ 4.30 ಇದೆ. ನನ್ನ ಬೆಲೆ ಅದಕ್ಕಿಂತ ಕಡಿಮೆ, ಆದ್ದರಿಂದ ಊಹೆಯನ್ನು ತಳ್ಳಿಹಾಕುವಂತಿಲ್ಲ. ನಾನು ಖುಷಿಯಿಂದ ಓಡಿಹೋಗಿ ಎರಡು ಅಡಿ ಸಾಕೆಂದು ಸ್ಟ್ಯಾಟಿಸ್ಟಿಕ್ಸ್ ಹೇಳುತ್ತದೆ ಅಂತ ಅಬ್ಬಾಗೆ ಹೇಳಿದೆ. ದಾದಾ ಶಾಲೆಗೆ ಹೋದವರಲ್ಲ. ಅವರು ನಾಲ್ಕು ಅಡಿಯ ಗೆರೆಯ ಕಡೆ ಕೈ ತೋರಿಸಿ ಸುಮ್ಮನೆ ನಕ್ಕರು. ಸೂತ್ರ ಸರಿಯಿದ್ದೂ ನಾನೆಲ್ಲಿ ತಪ್ಪಿದೆ ಎಂದು ತಿಳಿಯಲಿಲ್ಲ. ಕಾಲೇಜಿನಲ್ಲಿ ಸರ್ ಅವರನ್ನು ಕೇಳಿದೆ. ಅವರು ಉತ್ತರ ಹೇಳುವ ಮೊದಲು ಮಹಲನೋಬಿಸ್ ಅವರು ಹೊಳೆಯ ಲೆಕ್ಕ ಹೇಗೆ ಮಾಡಿದರು ಎಂಬುದನ್ನು ಓದಿಕೊಂಡು ಬರಲು ಹೇಳಿದರು.

ಮಹಲನೋಬಿಸ್ ಹುಟ್ಟಿದ್ದು 1893ರಲ್ಲಿ ಕಲ್ಕತ್ತದಲ್ಲಿ, ಬ್ರಹ್ಮ ಸಮಾಜದ ಮನೆತನದಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ 1912ರಲ್ಲಿ ಪದವಿ ಪಡೆದರು. ಮರುವರ್ಷ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿದರು. ಅಲ್ಲಿ ಅವರಿಗೆ ಗಣಿತಜ್ಞ ರಾಮಾನುಜನ್ ಗೆಳೆಯರಾದರು. ರಾಮಾನುಜನ್ ಚಳಿಯಲ್ಲಿ ಕೋಟು ಹಾಕಿಕೊಂಡು ಹಾಸಿಗೆಯ ಮೇಲೆ ಮಲಗುತ್ತಿದ್ದರಂತೆ. ಕಂಬಳಿಗಳನ್ನು ಹಾಸಿಗೆಗೆ ಸೇರಿಸಿ ಮಡಚಿಟ್ಟಿದ್ದರಿಂದ ಅವುಗಳ ಒಳಗೆ ಹೊಕ್ಕು ಮಲಗಬೇಕೆಂದು ಅವರಿಗೆ ತಿಳಿದಿರಲಿಲ್ಲ. ಅದನ್ನು ತೋರಿಸಿಕೊಟ್ಟವರು ಮಹಲನೋಬಿಸ್.

ಓದು ಮುಗಿಸಿ ಊರಿಗೆ ಹೊರಡುವಾಗ ಮೊದಲನೆಯ ಮಹಾಯುದ್ಧ ನಡೆದಿತ್ತು. ಆ ಸಮಯದಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಅಧ್ಯಾಪಕರೊಬ್ಬರು ‘ಬಯೊಮೆಟ್ರಿಕ’ ಎಂಬ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಅದು ಸಂಖ್ಯಾಶಾಸ್ತ್ರದ ಪತ್ರಿಕೆ. ಮಹಲನೋಬಿಸ್‌ಗೆ ಅದು ಎಷ್ಟು ಹಿಡಿಸಿತೆಂದರೆ ಪೂರ್ತಿ ಸಂಪುಟಗಳನ್ನೇ ಕೊಂಡು ಹಡಗಿನಲ್ಲಿ ಓದುತ್ತಾ ಬಂದರು. ಕಲ್ಕತ್ತದಲ್ಲಿ ಕಲಿಸಿದ್ದು ಭೌತಶಾಸ್ತ್ರ, ಮನಸ್ಸು ಇದ್ದದ್ದು ಅಂಕಿಸಂಖ್ಯೆಯಲ್ಲಿ. ಆಗ ನಮ್ಮ ದೇಶದಲ್ಲಿ ಸಂಖ್ಯಾಶಾಸ್ತ್ರವನ್ನು ಬೇರೆ ವಿಷಯವೆಂದು ಕಲಿಸುವ ಕಾಲೇಜೇ ಇರಲಿಲ್ಲ.

ಈಗ ಹೊಳೆಯ ವಿಷಯಕ್ಕೆ ಬರುತ್ತೇನೆ. 1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿಯಲ್ಲಿ ದೊಡ್ಡ ಪ್ರವಾಹ ಬಂತು. ಎಂಜಿನಿಯರುಗಳ ಸಮಿತಿ ಹೂಳು ತುಂಬಿ ನದಿಯ ತಳ ಸುಮಾರು ಒಂದು ಅಡಿ ಮೇಲೆದ್ದಿದೆ, ಆದ್ದರಿಂದ ದಂಡೆಯ ಒಡ್ಡುಗಳನ್ನು ಹಲವು ಅಡಿ ಎತ್ತರಿಸಬೇಕು ಎಂದಿತು. ಕೇಳಿದರೆ ಯಾರಿಗಾದರೂ ನಿಜ ಅನ್ನಿಸುವ ಮಾತು. ನಮ್ಮೂರ ಕಟ್ಟೆಯ ಮೇಲೆಯೂ ಪ್ರತಿ ಮಳೆಗಾಲ ಇಂಥ ಮಾತು ಬರುತ್ತದೆ. ಕೆಲವರು ಹೂಳು ಎನ್ನುತ್ತಾರೆ, ಕೆಲವರು ಅಣೆಕಟ್ಟು ಎನ್ನುತ್ತಾರೆ, ಕೆಲವರು ಮಹಾರಾಷ್ಟ್ರದ ಮಳೆ ಎನ್ನುತ್ತಾರೆ.

ಮಹಲನೋಬಿಸ್ ಆ ಮಾತನ್ನು ನಂಬಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಸುಮಾರು 60 ವರ್ಷಗಳ ಮಳೆ ಮತ್ತು ನೀರಿನ ಮಟ್ಟದ ದಾಖಲೆಗಳನ್ನು ಹಿಡಿದು ಕುಳಿತರು. ನಾನು ಅರ್ಥ ಮಾಡಿಕೊಂಡದ್ದು ಹೀಗೆ: ತಳ ಬದಲಾಗಿಲ್ಲ ಎಂಬುದು ಶೂನ್ಯ ಊಹೆ. ತಳ ನಿಜವಾಗಿ ಮೇಲೆದ್ದಿದ್ದರೆ, ಹಿಂದಿನಷ್ಟೇ ಮಳೆ ಬಿದ್ದರೂ ಈಚಿನ ವರ್ಷಗಳಲ್ಲಿ ನೀರು ಹೆಚ್ಚು ಎತ್ತರಕ್ಕೆ ಬರಬೇಕು. ವರ್ಷದಿಂದ ವರ್ಷಕ್ಕೆ ಸಹಜವಾಗಿ ಆಗುವ ಏರಿಳಿತಕ್ಕಿಂತ ಆ ಹೆಚ್ಚಳ ದೊಡ್ಡದಾಗಿ ಕಾಣಬೇಕು. ಅವರಿಗೆ ಅಂಥ ಹೆಚ್ಚಳ ಕಾಣಲಿಲ್ಲ. ತಳ ಮೇಲೆದ್ದಿಲ್ಲ, ನದಿಯ ಮೇಲಿನ ಪ್ರದೇಶದಲ್ಲಿ ಬಿದ್ದ ವಿಪರೀತ ಮಳೆಯೇ ಕಾರಣ, ಒಡ್ಡು ಎತ್ತರಿಸಿ ಉಪಯೋಗವಿಲ್ಲ, ಮೇಲ್ಭಾಗದಲ್ಲಿ ಅಣೆಕಟ್ಟು ಬೇಕು ಎಂದು ವರದಿ ಕೊಟ್ಟರು. ಮುಂದೆ ಮಹಾನದಿಗೆ ಹಿರಾಕುಡ್ ಅಣೆಕಟ್ಟು ಕಟ್ಟುವಾಗ ಒರಿಸ್ಸಾದ ನದಿಗಳ ಬಗ್ಗೆ ಅವರು ಮಾಡಿದ್ದ ಲೆಕ್ಕಗಳು ಉಪಯೋಗಕ್ಕೆ ಬಂದವು.

ಇದನ್ನು ಓದಿದಾಗ ಟೈಪ್ ಒಂದು, ಟೈಪ್ ಎರಡು ಎಂಬ ತಪ್ಪುಗಳು ನನಗೆ ಮೊದಲ ಬಾರಿ ಅರ್ಥವಾದವು. ತಳ ಏರದಿದ್ದರೂ ಏರಿದೆ ಎಂದರೆ ಸರ್ಕಾರದ ಹಣವೆಲ್ಲ ಮಣ್ಣಿನ ಒಡ್ಡಿಗೆ ಹೋಗುತ್ತದೆ. ಇದು ಮೊದಲನೆಯ ತಪ್ಪು. ತಳ ಏರಿದ್ದರೂ ಏರಿಲ್ಲ ಎಂದರೆ ಜನ ನೀರಿನಲ್ಲಿ ಮುಳುಗುತ್ತಾರೆ. ಇದು ಎರಡನೆಯದು. ಪರೀಕ್ಷೆಯಲ್ಲಿ ಇವೆರಡನ್ನೂ ವ್ಯಾಖ್ಯಾನಿಸಿದರೆ ಅಂಕ ಸಿಗುತ್ತದೆ. ಹೊಳೆದಂಡೆಯಲ್ಲಿ ಇವು ಮನೆ, ಹೊಲ, ದನಕರುಗಳ ಪ್ರಶ್ನೆ.

1931ರ ಡಿಸೆಂಬರ್ 17ರಂದು ಮಹಲನೋಬಿಸ್ ಕಲ್ಕತ್ತದಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಅದು ಶುರುವಾದದ್ದು ಪ್ರೆಸಿಡೆನ್ಸಿ ಕಾಲೇಜಿನ ಪ್ರಯೋಗಾಲಯದಲ್ಲೇ. 1933ರಲ್ಲಿ ‘ಸಂಖ್ಯಾ’ ಎಂಬ ಪತ್ರಿಕೆ ಹೊರಡಿಸಿದರು. ಇದೇ ವರ್ಷಗಳಲ್ಲಿ ಯೂರೋಪಿನಲ್ಲಿ ಜೆರ್ಜಿ ನೇಮನ್ ಎಂಬುವರು ಎಗಾನ್ ಪಿಯರ್ಸನ್ ಜೊತೆ ಸೇರಿ ಊಹೆಯ ಪರೀಕ್ಷೆಯ ಸಿದ್ಧಾಂತವನ್ನು ಕಟ್ಟಿದರು, ಆಮೇಲೆ ನೇಮನ್ ಕಾನ್ಫಿಡೆನ್ಸ್ ಇಂಟರ್ವಲ್ ಸಿದ್ಧಾಂತ ಕೊಟ್ಟರು. ಸಿದ್ಧಾಂತ ಅವರದು. ಅಂಥ ವಿಚಾರಗಳನ್ನು ಹೊಲಕ್ಕೆ, ಹೊಳೆಗೆ, ಸರ್ಕಾರಿ ಕಚೇರಿಗೆ ತಂದು ಇಡೀ ದೇಶಕ್ಕೆ ಉಪಯೋಗಿಸಿದ್ದು ಮಹಲನೋಬಿಸ್ ಅವರ ದೊಡ್ಡಸ್ತಿಕೆ.

ಮಹಲನೋಬಿಸ್ ಅವರದೇ ಆದ ಒಂದು ಕಾಣಿಕೆ 1936ರ ಡಿ-ಸ್ಕ್ವೇರ್. ಇದನ್ನು ಈಗ ಪ್ರಪಂಚವೇ ಮಹಲನೋಬಿಸ್ ದೂರ ಎಂದು ಕರೆಯುತ್ತದೆ. ಜನರ ದೇಹದ ಅಳತೆಗಳನ್ನು ಹೋಲಿಸುವಾಗ ಅವರಿಗೆ ಇದು ಹೊಳೆಯಿತು. ಇದನ್ನು ನಾನು ತಿಳಿದುಕೊಂಡದ್ದು ಮಾಮು ಬಕ್ರೀದಿಗೆ ಆಡು ಆರಿಸುವುದನ್ನು ನೆನೆದು. ಸಂತೆಯಲ್ಲಿ ಆಡಿನ ಎತ್ತರ ಬೇರೆ ನೋಡಿದರೆ ಸರಿ ಇರಬಹುದು, ತೂಕ ಬೇರೆ ನೋಡಿದರೂ ಸರಿ ಇರಬಹುದು. ಆದರೆ ಇಷ್ಟು ಎತ್ತರದ ಆಡು ಇಷ್ಟೇ ತೂಗಿದರೆ ಏನೋ ಕಾಯಿಲೆ ಇದೆ ಎಂದು ಮಾಮು ಬಿಟ್ಟುಬಿಡುತ್ತಾರೆ. ಎತ್ತರ ಮತ್ತು ತೂಕ ಒಟ್ಟಿಗೆ ಬೆಳೆಯುತ್ತವೆ, ಹಾಗಾಗಿ ಒಟ್ಟಿಗೇ ನೋಡಬೇಕು. ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಆರೋಗ್ಯವಂತ ಆಡುಗಳು ಚೌಕದೊಳಗಲ್ಲ, ಓರೆಯಾಗಿ ಇಟ್ಟ ಮೊಟ್ಟೆಯಾಕಾರದೊಳಗೆ ಬೀಳುತ್ತವೆ. ಗೊತ್ತಿಲ್ಲದ ಎರಡು ಬೆಲೆಗಳನ್ನು ಒಟ್ಟಿಗೆ ಅಂದಾಜು ಮಾಡುವಾಗಲೂ ಹೀಗೆಯೇ ಮೊಟ್ಟೆಯಾಕಾರದ ಪ್ರದೇಶ ಸಿಗುತ್ತದೆ. ಅದನ್ನು ಕಾನ್ಫಿಡೆನ್ಸ್ ರೀಜನ್ ಎನ್ನುತ್ತಾರೆ. ಒಂದೇ ಬೆಲೆಯಾದರೆ ಇಂಟರ್ವಲ್, ಎರಡು ಅಥವಾ ಹೆಚ್ಚಾದರೆ ರೀಜನ್.

1937ರಿಂದ ಅವರು ಬಂಗಾಳದಲ್ಲಿ ಸೆಣಬಿನ ಬೆಳೆಯ ಮಾದರಿ ಸಮೀಕ್ಷೆ ಮಾಡಿದರು. ಎಲ್ಲ ಹೊಲಗಳನ್ನೂ ಅಳೆಯದೆ ಕೆಲವನ್ನು ಚೀಟಿ ಎತ್ತಿದ ಹಾಗೆ ಆರಿಸಿ ಒಟ್ಟು ಬೆಳೆಯನ್ನು ಅಂದಾಜು ಮಾಡುವುದು. ಅನೇಕರು ನಂಬಲಿಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳಿಸುವುದು. ಇಬ್ಬರ ಲೆಕ್ಕ ಹತ್ತಿರ ಬಂದರೆ ನಂಬಿಕೆ ಹೆಚ್ಚು, ದೂರ ಹೋದರೆ ತಪ್ಪು ಎಷ್ಟಿರಬಹುದೆಂದು ತಾನಾಗಿ ಗೊತ್ತಾಗುತ್ತದೆ. ಅಂದಾಜಿನ ಜೊತೆ ಅದರ ತಪ್ಪಿನ ಅಳತೆಯನ್ನೂ ಕೊಡಬೇಕು ಎಂಬುದು ಅವರ ಹಟ. ಇದೇ ಅನುಭವದಿಂದ 1950ರಲ್ಲಿ ನ್ಯಾಷನಲ್ ಸ್ಯಾಂಪಲ್ ಸರ್ವೆ ಹುಟ್ಟಿತು. ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ರೂಪಿಸಿದವರಲ್ಲಿ ಅವರೇ ಮುಖ್ಯರು ಎಂಬುದನ್ನು ಅರ್ಥಶಾಸ್ತ್ರದ ಪಾಠದಲ್ಲಿ ನಾವೆಲ್ಲ ಓದಿದ್ದೇವೆ.

ನಮ್ಮ ಕರ್ನಾಟಕಕ್ಕೂ ಅವರಿಗೂ ಒಂದು ನಂಟಿದೆ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ 1941ರಲ್ಲಿ ಕಲ್ಕತ್ತದ ಆ ಸಂಸ್ಥೆಯನ್ನು ಸೇರಿದರು. ಮಹಲನೋಬಿಸ್ ಈ ತರುಣನನ್ನು ಕೇಂಬ್ರಿಜ್‌ಗೆ ಕಳಿಸಿದರು. ಅಲ್ಲಿ ರಾವ್ ತಮ್ಮ ಗುರುವಿನ ಡಿ-ಸ್ಕ್ವೇರ್ ವಿಧಾನದಿಂದ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಿದರು. ಊಹೆಯ ಪರೀಕ್ಷೆಯಲ್ಲಿ ಇಂದು ಬಳಸುವ ‘ಸ್ಕೋರ್ ಟೆಸ್ಟ್’ ರಾವ್ ಅವರದೇ. ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಈಗ ಆ ಸಂಸ್ಥೆಯ ಕೇಂದ್ರವಿದೆ. ಕಾಮರ್ಸ್‌ನವರಿಗೆ ಬ್ಯಾಂಕು ಮತ್ತು ಸಿ.ಎ. ಮಾತ್ರ ದಾರಿ ಎಂದುಕೊಂಡವರು ಇದನ್ನು ಗಮನಿಸಿರಿ.

1945ರಲ್ಲಿ ಮಹಲನೋಬಿಸ್ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೊ ಆದರು. 1968ರಲ್ಲಿ ಪದ್ಮವಿಭೂಷಣ ಬಂತು. 1972ರ ಜೂನ್ 28ರಂದು ತೀರಿಕೊಂಡರು. ಒಂದು ದಿನ ಕಳೆದಿದ್ದರೆ ಅವರಿಗೆ 79 ತುಂಬುತ್ತಿತ್ತು.

ಇಷ್ಟು ಓದಿಕೊಂಡು ನಾನು ಸರ್ ಹತ್ತಿರ ಹೋದೆ. ಅವರು ನನ್ನ ಮೂರು ಗೆರೆಗಳಿಗೆ ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್ ಹಾಕಿಸಿದರು. ಸುಮಾರು ಅರ್ಧ ಅಡಿಯಿಂದ ಐದೂವರೆ ಅಡಿಯವರೆಗೆ ಬಂತು! ಎರಡು ಅಡಿ ಅದರೊಳಗಿತ್ತು, ಅದಕ್ಕೇ ನನ್ನ ಊಹೆ ತಳ್ಳಿಹೋಗಲಿಲ್ಲ. ಆದರೆ ಮೂರು, ನಾಲ್ಕು, ಐದು ಅಡಿಗಳೂ ಅದರೊಳಗೇ ಇದ್ದವು. ಅವುಗಳಲ್ಲಿ ಯಾವುದನ್ನು ಊಹೆಯಾಗಿ ಇಟ್ಟರೂ ತಳ್ಳಿಹೋಗುತ್ತಿರಲಿಲ್ಲ. ತಳ್ಳಿಹಾಕಲು ಆಗಲಿಲ್ಲ ಎಂದರೆ ನಿಜವೆಂದು ಸಾಬೀತಾಯಿತು ಎಂದಲ್ಲ. ನನ್ನ ಬಳಿ ಸಾಕ್ಷಿ ಕಡಿಮೆ ಇತ್ತು ಅಷ್ಟೆ. ಶೇ. 95 ಎಂದರೂ ಈ ಒಂದು ಉತ್ತರ ಶೇ. 95 ಸರಿ ಎಂದಲ್ಲ. ಇದೇ ವಿಧಾನದಲ್ಲಿ ನೂರು ಸಲ ಮಾದರಿ ತೆಗೆದರೆ ಸುಮಾರು 95 ಸಲ ನಿಜವಾದ ಸರಾಸರಿ ನಮ್ಮ ಅಂತರದೊಳಗೆ ಸಿಗುತ್ತದೆ ಎಂದರ್ಥ. ಅದೂ ಸರಾಸರಿ ಮಾತ್ರ. ಮುಂದಿನ ಮಹಾಪೂರ ಅದನ್ನೂ ದಾಟಬಹುದು. ಮಹಲನೋಬಿಸ್ ಬಳಿ 60 ವರ್ಷದ ದಾಖಲೆ ಇತ್ತು, ನನ್ನ ಬಳಿ ಮೂರು ಗೆರೆ.

ಮನೆಗೆ ಬಂದು ಅಬ್ಬಾ ಮತ್ತು ದಾದಾ ಇಬ್ಬರೆದುರೂ ನನ್ನ ತಪ್ಪನ್ನು ಒಪ್ಪಿಕೊಂಡೆ. ಅಬ್ಬಾ ಕಟ್ಟೆಯ ವಿಚಾರ ಬಿಟ್ಟು ಸ್ಟಾರ್ಟರ್ ಪೆಟ್ಟಿಗೆಯನ್ನು ಹೊಲದ ಮೇಲಿನ ಬದುವಿಗೆ ಸಾಗಿಸಿದರು. ವಾಯರಿಗೆ ಸ್ವಲ್ಪ ಖರ್ಚು ಹೆಚ್ಚಾಯಿತು. ನಾನೊಂದು ನೋಟ್‌ಬುಕ್ ಮಾಡಿದ್ದೇನೆ. ದಾದಾ ನೆನಪಿನಿಂದ ಹೇಳಿದ ವರ್ಷಗಳನ್ನೆಲ್ಲ ಬರೆದಿದ್ದೇನೆ, ನೀರು ಬಂದ ವರ್ಷ ಮಾತ್ರವಲ್ಲ, ಬಾರದ ವರ್ಷವನ್ನೂ. ಪ್ರತಿ ಮಳೆಗಾಲ ಒಂದು ಸಾಲು ಸೇರಿಸುತ್ತೇನೆ. ಹೊಳೆದಂಡೆಯ ಊರುಗಳ ಗೆಳೆಯ ಗೆಳತಿಯರು ನಿಮ್ಮ ಮನೆಯ ಗೋಡೆಯ ಗುರುತುಗಳನ್ನು ತಂದುಕೊಟ್ಟರೆ ಅವನ್ನೂ ಸೇರಿಸಿಕೊಳ್ಳುತ್ತೇನೆ.



— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ