ಚಾರ್ಲ್ಸ್ ಬಿ. ಹಗಿನ್ಸ್

ಚಾರ್ಲ್ಸ್ ಬ್ರೆಂಟನ್ ಹಗಿನ್ಸ್ (ಸೆಪ್ಟೆಂಬರ್ 22, 1901 – ಜನವರಿ 12, 1997) ಕೆನಡಾ ಮೂಲದ ಅಮೆರಿಕನ್ ಶಸ್ತ್ರವೈದ್ಯರು ಮತ್ತು ಕ್ಯಾನ್ಸರ್ ಸಂಶೋಧಕರು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ದೇಹದ ಬೇರೆಡೆಗೆ ಹರಡಿದ ಮೇಲೂ ಪುರುಷ ಹಾರ್ಮೋನಿನ ಸಂಕೇತವನ್ನು ಅವಲಂಬಿಸಿರುತ್ತದೆ ಎಂಬುದನ್ನು ಇವರು ತೋರಿಸಿಕೊಟ್ಟರು. ಈ ಸಾಧನೆಗಾಗಿ 1966ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಪೇಟನ್ ರೌಸ್ ಅವರೊಂದಿಗೆ ಹಂಚಿಕೊಂಡರು.

ಜನನ ಮತ್ತು ಶಿಕ್ಷಣ

ಹಗಿನ್ಸ್ ಅವರು ಕೆನಡಾದ ನೋವಾ ಸ್ಕಾಟಿಯಾ ಪ್ರಾಂತ್ಯದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಜನಿಸಿದರು. 1920ರಲ್ಲಿ ಅಕೇಡಿಯಾ ವಿಶ್ವವಿದ್ಯಾಲಯದಿಂದ ಪದವಿಯನ್ನೂ 1924ರಲ್ಲಿ ಹಾರ್ವರ್ಡ್‌ನಿಂದ ವೈದ್ಯಕೀಯ ಪದವಿಯನ್ನೂ ಪಡೆದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ ಮುಗಿಸಿ, 1927ರಲ್ಲಿ ಶಿಕಾಗೊ ವಿಶ್ವವಿದ್ಯಾಲಯವನ್ನು ಸೇರಿದರು. ಮೂತ್ರಾಂಗ ರೋಗಗಳ ವಿಭಾಗದ ಹೊಣೆ ಅವರಿಗೆ ಬಂದಾಗ ಆ ವಿಷಯದಲ್ಲಿ ವಿಶೇಷ ತರಬೇತಿ ಇರಲಿಲ್ಲ. ಗ್ರಂಥಗಳನ್ನು ಓದಿಯೇ ಅದನ್ನು ಕರಗತ ಮಾಡಿಕೊಂಡರು.

ಸಂಶೋಧನೆ

ಮನುಷ್ಯರಂತೆ ವಯಸ್ಸಾದ ನಾಯಿಗಳಲ್ಲಿಯೂ ಪ್ರಾಸ್ಟೇಟ್ ಗ್ರಂಥಿ ಬೆಳೆದು ದೊಡ್ಡದಾಗುತ್ತದೆ. ಹಗಿನ್ಸ್ ಅವರು ನಾಯಿಗಳ ಈ ಗ್ರಂಥಿಯ ಸ್ರಾವವನ್ನು ಮೂತ್ರದೊಡನೆ ಬೆರೆಯದಂತೆ ಸಂಗ್ರಹಿಸಿ ಅಳೆಯುವ ವಿಧಾನವನ್ನು ರೂಪಿಸಿದರು. ವೃಷಣಗಳನ್ನು ತೆಗೆದಾಗ ಸ್ರಾವ ನಿಂತು ಗ್ರಂಥಿ ಕುಗ್ಗಿತು. ಟೆಸ್ಟೊಸ್ಟಿರಾನ್ ಕೊಟ್ಟಾಗ ಸ್ರಾವ ಮರಳಿತು.

ಪ್ರಾಸ್ಟೇಟ್ ಕ್ಯಾನ್ಸರ್ ಮುಖ್ಯವಾಗಿ ಮೂಳೆಗಳಿಗೆ ಹರಡಿ ತೀವ್ರ ನೋವನ್ನುಂಟುಮಾಡುತ್ತದೆ. ಹಾಗೆ ಹರಡಿದಾಗ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವದ ಪ್ರಮಾಣ ಏರುತ್ತದೆಂದು 1930ರ ದಶಕದಲ್ಲಿ ಇತರ ಸಂಶೋಧಕರು ಕಂಡುಕೊಂಡಿದ್ದರು. ಹಗಿನ್ಸ್ ಮತ್ತು ಅವರ ವಿದ್ಯಾರ್ಥಿ ಕ್ಲಾರೆನ್ಸ್ ಹಾಡ್ಜಸ್ ಈ ಕಿಣ್ವವನ್ನೇ ಅಳತೆಗೋಲಾಗಿ ಬಳಸಿದರು. ವೃಷಣಗಳನ್ನು ತೆಗೆದಾಗ ಅಥವಾ ಸ್ತ್ರೀ ಹಾರ್ಮೋನಾದ ಈಸ್ಟ್ರೊಜೆನ್ ಕೊಟ್ಟಾಗ ಅದರ ಪ್ರಮಾಣ ಇಳಿಯಿತು. ಪುರುಷ ಹಾರ್ಮೋನು ಕೊಟ್ಟಾಗ ಏರಿತು. ಈ ಫಲಿತಾಂಶಗಳು 1941ರಲ್ಲಿ ಪ್ರಕಟವಾದವು. ಹಾಸಿಗೆ ಹಿಡಿದಿದ್ದ ಹಲವು ರೋಗಿಗಳ ನೋವು ಶಮನವಾಯಿತು. ಕ್ಯಾನ್ಸರ್ ಕೋಶಗಳು ಯಾವುದರ ಹಂಗೂ ಇಲ್ಲದೆ ಬೆಳೆಯುತ್ತವೆ ಎಂಬ ಅಂದಿನ ನಂಬಿಕೆ ಇದರಿಂದ ಸಡಿಲವಾಯಿತು.

ಆದರೆ ಈ ಚಿಕಿತ್ಸೆ ರೋಗವನ್ನು ಬೇರುಸಹಿತ ಕಿತ್ತುಹಾಕಲಿಲ್ಲ. ಬಹುತೇಕ ರೋಗಿಗಳಲ್ಲಿ ಅದು ಕೆಲಕಾಲದ ನಂತರ ಮರುಕಳಿಸಿತು. ಅಡ್ರಿನಲ್ ಗ್ರಂಥಿಗಳಿಂದಲೂ ಇಂತಹ ಹಾರ್ಮೋನುಗಳು ಬರುವುದರಿಂದ, ಅವುಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನೂ ಹಗಿನ್ಸ್ ಪ್ರಯೋಗಿಸಿದರು. ಸ್ತನ ಕ್ಯಾನ್ಸರ್ ಕುರಿತೂ ಮಹತ್ವದ ಸಂಶೋಧನೆ ನಡೆಸಿದರು.

ಪ್ರಯೋಗಾಲಯ ಮತ್ತು ಪ್ರಭಾವ

1951ರಲ್ಲಿ ಶಿಕಾಗೊದಲ್ಲಿ ಆರಂಭವಾದ ಬೆನ್ ಮೇ ಕ್ಯಾನ್ಸರ್ ಸಂಶೋಧನಾ ಪ್ರಯೋಗಾಲಯಕ್ಕೆ ಹಗಿನ್ಸ್ ಅವರು 1969ರವರೆಗೆ ನಿರ್ದೇಶಕರಾಗಿದ್ದರು. ಹಾರ್ಮೋನಿನ ಸಂಕೇತವನ್ನು ಕೋಶವು ಹೇಗೆ ಗ್ರಹಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಅವರ ಸಹೋದ್ಯೋಗಿಗಳಿಂದ. ಎಲ್ವುಡ್ ಜೆನ್ಸನ್ ಈಸ್ಟ್ರೊಜೆನ್ ಗ್ರಾಹಕವನ್ನೂ ಶುತ್ಸುಂಗ್ ಲಿಯಾವೊ ಪುರುಷ ಹಾರ್ಮೋನಿನ ಗ್ರಾಹಕವನ್ನೂ ಕುರಿತು ಮೂಲಭೂತ ಕಾರ್ಯ ಮಾಡಿದರು. ಹಾರ್ಮೋನು ಈ ಗ್ರಾಹಕ ಪ್ರೋಟೀನಿಗೆ ಅಂಟಿದಾಗ ಅದು ಕೋಶಕೇಂದ್ರದಲ್ಲಿನ ವಂಶವಾಹಿಗಳನ್ನು ಚಾಲನೆಗೊಳಿಸಿ, ಕೋಶದ ಬೆಳವಣಿಗೆಗೆ ಕಾರಣವಾಗುತ್ತದೆ. ಹಾರ್ಮೋನು ತಗ್ಗಿದಾಗಲೂ ಗ್ರಾಹಕದ ಪ್ರಮಾಣ ಹೆಚ್ಚುವುದು ಅಥವಾ ರಚನೆ ಮಾರ್ಪಡುವುದು ರೋಗ ಮರುಕಳಿಸಲು ಮುಖ್ಯ ಕಾರಣಗಳೆಂದು ಮುಂದೆ ತಿಳಿದುಬಂತು.

ನಿಧನ

ಹಗಿನ್ಸ್ ಅವರು 1972ರಿಂದ 1979ರವರೆಗೆ ಅಕೇಡಿಯಾ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿದ್ದರು. 95ನೆಯ ವಯಸ್ಸಿನಲ್ಲಿ ಶಿಕಾಗೊದಲ್ಲಿ ನಿಧನರಾದರು. ಹಾರ್ಮೋನಿನ ಸಂಕೇತವನ್ನು ತಡೆಯುವುದು ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ನ ಚಿಕಿತ್ಸೆಗೆ ಇಂದಿಗೂ ತಳಹದಿಯಾಗಿದೆ. ಹಲವೆಡೆ ಶಸ್ತ್ರಚಿಕಿತ್ಸೆಯ ಸ್ಥಾನವನ್ನು ಚುಚ್ಚುಮದ್ದು ಮತ್ತು ಮಾತ್ರೆಗಳು ಪಡೆದುಕೊಂಡಿವೆ.