ಡಾ. ಅನುಪಮಾ ನಿರಂಜನ

ಭೀಮಾನದಿಯ ದಡದ ಅಫಜಲಪುರ, ಜೇವರ್ಗಿ ತಾಲ್ಲೂಕುಗಳೂ ಅವುಗಳ ಉತ್ತರಕ್ಕಿರುವ ಆಳಂದ ತಾಲ್ಲೂಕೂ ಕಲಬುರಗಿ ಜಿಲ್ಲೆಯ ಎರೆಭೂಮಿಯ ಸೀಮೆಗಳು. ಜೋಳಕ್ಕೂ ತೊಗರಿಗೂ ಹೆಸರಾದ ಈ ಕಪ್ಪುಮಣ್ಣು ಮಳೆಗಾಲದಲ್ಲಿ ಹಿಂದೆ ದಾರಿಹೋಕರ ಶತ್ರುವಾಗಿತ್ತು. ಬಂಡಿಯ ಗಾಲಿಗಳು ಅಚ್ಚಿನವರೆಗೂ ಹೂತುಹೋಗುತ್ತಿದ್ದವು. ಹೆರಿಗೆಯ ಬೇನೆ ತಿನ್ನುವ ಹೆಣ್ಣುಮಗಳಿಗೆ ಕಷ್ಟ ಒದಗಿದರೆ, ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಸುಮಾರು 40 ಕಿಲೋಮೀಟರ್ ದೂರದ ಕಲಬುರಗಿಗೆ ಅವಳನ್ನು ಸಾಗಿಸುವುದು ಸುಲಭದ ಮಾತಾಗಿರಲಿಲ್ಲ. ಊರಿನ ಸೂಲಗಿತ್ತಿಯ ಕೈಗುಣವೇ ಅವಳಿಗೆ ಆಸರೆ. ಸೂಲಗಿತ್ತಿಯು ಧೈರ್ಯವಂತೆ, ಅನುಭವಿ. ಆದರೆ ಹೊಕ್ಕುಳುಬಳ್ಳಿಯನ್ನು ಕೊಯ್ಯುವ ಅಲಗು ಶುದ್ಧವಾಗಿರದಿದ್ದರೆ ಕೂಸಿಗೆ ಧನುರ್ವಾಯು ತಗಲುವುದೆಂಬ ಸಂಗತಿಯನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ.

ಇದು ಬಯಲುಸೀಮೆಯೊಂದರ ಕಥೆಯಲ್ಲ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಸ್ಥಿತಿ ಹೆಚ್ಚು ಭಿನ್ನವಾಗಿರಲಿಲ್ಲ. ದಾರಿ ಇಲ್ಲದಿದ್ದುದು ಒಂದು ಕೊರತೆಯಾದರೆ, ಅರಿವು ಇಲ್ಲದಿದ್ದುದು ಅದಕ್ಕಿಂತ ದೊಡ್ಡ ಕೊರತೆ. ತನ್ನ ಒಡಲಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಹೆಣ್ಣು ತಿಳಿದಿರಲಿಲ್ಲ. ಕೇಳಲು ನಾಚಿಕೆ ಅಡ್ಡಬರುತ್ತಿತ್ತು. ತಿಳಿದವರ ಜ್ಞಾನವು ಇಂಗ್ಲಿಷ್ ಗ್ರಂಥಗಳಲ್ಲಿ ಅಡಗಿತ್ತು. ಆ ಜ್ಞಾನವನ್ನು ಅಲ್ಲಿಂದ ತಂದು, ಕನ್ನಡ ಓದಬಲ್ಲ ಯಾವ ಹೆಣ್ಣುಮಗಳಿಗೂ ಅರ್ಥವಾಗುವ ಮಾತುಗಳಲ್ಲಿ ಹೇಳಿದವರಲ್ಲಿ ಡಾ. ಅನುಪಮಾ ನಿರಂಜನ ಅವರು ಪ್ರಮುಖರು.

ಅನುಪಮಾ ಅವರು ಜನಿಸಿದ್ದು 1934ನೆಯ ಇಸವಿ ಮೇ 17ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ. ತುಂಗಾನದಿಯ ತೀರದ ಈ ಊರು ಅಡಿಕೆ ತೋಟಗಳಿಗೂ ಸಾಹಿತ್ಯಕ್ಕೂ ಹೆಸರಾದದ್ದು. ತಂದೆತಾಯಿಗಳು ಇಟ್ಟ ಹೆಸರು ವೆಂಕಟಲಕ್ಷ್ಮಿ. ಕನ್ನಡಿಗರು ಬಲ್ಲ ಹೆಸರು ಅನುಪಮಾ. ಹೆಣ್ಣುಮಕ್ಕಳು ಮೈನೆರೆಯುವ ಮುನ್ನವೇ ಹಸೆಮಣೆ ಏರುತ್ತಿದ್ದ ಪದ್ಧತಿ ಇನ್ನೂ ಪೂರ್ತಿಯಾಗಿ ಅಳಿದಿರದ ಕಾಲವದು. ಹುಡುಗಿಗೆ ಓದು ಏತಕ್ಕೆ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಕೇಳಿಬರುತ್ತಿತ್ತು. ಅಂಥ ಕಾಲದಲ್ಲಿ ಈ ಬಾಲಕಿಯು ವೈದ್ಯಳಾಗಬೇಕೆಂಬ ಹಂಬಲವನ್ನು ಬೆಳೆಸಿಕೊಂಡು, ಮೈಸೂರಿನ ವೈದ್ಯಕೀಯ ಕಾಲೇಜನ್ನು ಸೇರಿದಳು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, 1930ರಲ್ಲಿ ಮೈಸೂರಿಗೆ ಬಂದ ಆ ಕಾಲೇಜು ಅಂದಿನ ಮೈಸೂರು ಸಂಸ್ಥಾನದ ಹೆಮ್ಮೆಯ ವಿದ್ಯಾಸಂಸ್ಥೆಯಾಗಿತ್ತು.

ವೈದ್ಯವಿದ್ಯೆಯ ಮೊದಲ ಪಾಠವೇ ಅಂಗರಚನಾಶಾಸ್ತ್ರ. ಅದರ ಜೊತೆಯದು ಅಂಗಕ್ರಿಯಾಶಾಸ್ತ್ರ. ಒಂದು ಅಂಗ ಹೇಗಿದೆ ಎಂಬುದನ್ನು ಮೊದಲನೆಯದು ತಿಳಿಸಿದರೆ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಎರಡನೆಯದು ತಿಳಿಸುತ್ತದೆ. ಹೃದಯ, ಶ್ವಾಸಕೋಶ, ಜಠರಗಳನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಸಂತಾನೋತ್ಪತ್ತಿಯ ಅಂಗಗಳೂ ಅದೇ ಸಾಲಿನವು. ಒಂದನ್ನು ಶ್ರೇಷ್ಠವೆಂದೂ ಇನ್ನೊಂದನ್ನು ಹೇಯವೆಂದೂ ಶಾಸ್ತ್ರವು ಎಣಿಸುವುದಿಲ್ಲ. ಬಡವನ ಒಡಲೂ ಬಲ್ಲಿದನ ಒಡಲೂ, ಮೇಲಿನವರದೆನಿಸಿದ ಒಡಲೂ ಕೆಳಗಿನವರದೆನಿಸಿದ ಒಡಲೂ ಒಂದೇ ಬಗೆಯಾಗಿ ರಚಿತವಾಗಿವೆ ಎಂಬ ಸತ್ಯವು ಅಂಗಚ್ಛೇದನದ ಮೇಜಿನ ಮೇಲೆ ಯಾರಿಗಾದರೂ ಗೋಚರವಾಗುವಂಥದು. ಅನುಪಮಾ ಅವರ ಬಾಳಿನಲ್ಲಿಯೂ ಬರಹದಲ್ಲಿಯೂ ಈ ಸಮಾನತೆಯ ಭಾವ ಕೊನೆಯವರೆಗೂ ಉಳಿಯಿತು. ಕಯ್ಯೂರಿನ ರೈತರ ಹೋರಾಟವನ್ನು ಕುರಿತ ‘ಚಿರಸ್ಮರಣೆ’ ಕಾದಂಬರಿಯಿಂದ ಪ್ರಸಿದ್ಧರಾದ ಲೇಖಕ ನಿರಂಜನರನ್ನು ಅವರು ಜಾತಿಯ ಕಟ್ಟನ್ನು ಲೆಕ್ಕಿಸದೆ ವಿವಾಹವಾದರು.

ಪದವಿ ಪಡೆದ ಬಳಿಕ ಅನುಪಮಾ ಅವರು ಧಾರವಾಡದಲ್ಲಿಯೂ ಮುಂದೆ ಬೆಂಗಳೂರಿನಲ್ಲಿಯೂ ವೈದ್ಯವೃತ್ತಿಯನ್ನು ನಡೆಸಿದರು. ಆಗ ವೈದ್ಯೆಯರ ಸಂಖ್ಯೆ ಬಹಳ ಕಡಿಮೆ. ಪುರುಷ ವೈದ್ಯನ ಮುಂದೆ ಬಾಯಿಬಿಡಲು ಅಂಜುವ ಹೆಂಗಸರಿಗೆ ವೈದ್ಯೆಯೊಬ್ಬಳು ದೊರೆತರೆ ತವರಿನ ಅಕ್ಕ ದೊರೆತಂತಾಗುತ್ತಿತ್ತು. ಮುಟ್ಟಿನ ನೋವು, ಬಸಿರಿನ ಆತಂಕ, ಮೇಲಿಂದ ಮೇಲೆ ಹೆತ್ತು ಸೋತ ಮೈ, ಮಕ್ಕಳಾಗಲಿಲ್ಲವೆಂಬ ನಿಂದೆ, ಹೆಣ್ಣನ್ನೇ ಹೆತ್ತೆಯೆಂಬ ಹಳಿತ, ಇವೆಲ್ಲ ಅಂದಿನ ಹೆಣ್ಣಿನ ಬಾಳಿನ ಮಾತನಾಡಲಾಗದ ದುಃಖಗಳು. ಔಷಧದಿಂದ ಗುಣವಾಗುವ ರೋಗಗಳಿಗಿಂತ ಅಜ್ಞಾನದಿಂದ ಹುಟ್ಟಿದ ಸಂಕಟಗಳು ಅವುಗಳಲ್ಲಿ ಕಡಿಮೆಯೇನೂ ಇರಲಿಲ್ಲ. ಚಿಕಿತ್ಸಾಲಯದ ಬಾಗಿಲಿಗೆ ಬಂದವರಿಗೆ ಮಾತ್ರ ವೈದ್ಯೆಯು ನೆರವಾಗಬಲ್ಲಳು. ಪುಸ್ತಕವಾದರೋ ಬಾರದವರ ಮನೆಗೂ ಹೋಗಬಲ್ಲದು. ಅನುಪಮಾ ಅವರು ಸ್ಟೆತಸ್ಕೋಪಿನ ಜೊತೆಗೆ ಲೇಖನಿಯನ್ನೂ ಕೈಗೆತ್ತಿಕೊಂಡರು.

‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಮೊದಲಾದವು ಅವರ ವೈದ್ಯಕೀಯ ಕೃತಿಗಳು. ಇವುಗಳಲ್ಲಿ ಕೆಲವು ಮತ್ತೆ ಮತ್ತೆ ಮುದ್ರಣಗೊಂಡು, ಮದುವೆಯ ಉಡುಗೊರೆಯಾಗಿ ಕೈಯಿಂದ ಕೈಗೆ ಸಾಗಿದವು. ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯುವುದು ಆಗ ಸುಲಭವಾಗಿರಲಿಲ್ಲ. ಆಡುಮಾತಿನ ಪದಗಳನ್ನು ಬಳಸಿದರೆ ಅಶ್ಲೀಲವೆಂದು ಮೂಗು ಮುರಿಯುವವರಿದ್ದರು. ಬರಿಯ ಸಂಸ್ಕೃತ ಪದಗಳನ್ನು ತುಂಬಿದರೆ ಓದುವವಳಿಗೆ ತಿಳಿಯುತ್ತಿರಲಿಲ್ಲ. ಸಂಕೋಚವೂ ಇಲ್ಲದ, ಅಗ್ಗದ ಕುತೂಹಲವೂ ಇಲ್ಲದ ನೇರವಾದ ಭಾಷೆ ಅಲ್ಲಿ ಬೇಕಾಗಿತ್ತು. ವೈದ್ಯೆಯ ತಿಳಿವಳಿಕೆ ಮತ್ತು ಕಥೆಗಾರ್ತಿಯ ಭಾಷೆ ಎರಡೂ ಒಬ್ಬರಲ್ಲಿಯೇ ಕೂಡಿದ್ದುದು ಕನ್ನಡದ ಭಾಗ್ಯ.

ಅಂಥ ಪುಸ್ತಕಗಳು ತಿಳಿಸಬೇಕಾಗಿದ್ದ ಸಂಗತಿಗಳಾದರೂ ಯಾವುವು? ಅವುಗಳಲ್ಲಿ ಕೆಲವನ್ನು ಇಲ್ಲಿ ನೋಡಬಹುದು. ಹೆಣ್ಣಿನ ಕಿಬ್ಬೊಟ್ಟೆಯಲ್ಲಿ ಬಾದಾಮಿಯ ಗಾತ್ರದ ಎರಡು ಅಂಡಾಶಯಗಳಿವೆ. ಪ್ರಾಯಕ್ಕೆ ಬಂದ ಮೇಲೆ, ಸಾಮಾನ್ಯವಾಗಿ 28 ದಿನಗಳಿಗೊಮ್ಮೆ, ಇವುಗಳಲ್ಲೊಂದರಿಂದ ಒಂದು ಅಂಡಾಣು ಹೊರಬರುತ್ತದೆ. ಅದರ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. 1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿಯು ಸ್ತನಿಗಳ ಅಂಡಾಣುವನ್ನು ಗುರುತಿಸುವವರೆಗೆ ಅದನ್ನು ಕಣ್ಣಾರೆ ಕಂಡವರಿರಲಿಲ್ಲ. ಬರಲಿರುವ ಕೂಸಿಗಾಗಿ ಗರ್ಭಾಶಯವು ತನ್ನ ಒಳಗೋಡೆಯನ್ನು ರಕ್ತನಾಳಗಳಿಂದ ದಪ್ಪಗೊಳಿಸಿ ಹಾಸಿಗೆಯೊಂದನ್ನು ಸಿದ್ಧಪಡಿಸುತ್ತದೆ. ಅಂಡಾಣುವು ಪುರುಷನ ವೀರ್ಯಾಣುವಿನೊಡನೆ ಕೂಡದಿದ್ದಲ್ಲಿ ಆ ಹಾಸಿಗೆ ಬೇಡವಾಗಿ ಕಳಚಿಹೋಗುತ್ತದೆ. ಇದೇ ಮುಟ್ಟು. ಕೂಸನ್ನು ಪೊರೆಯಲೆಂದು ಸಿದ್ಧವಾದ ರಕ್ತವು ಮೈಲಿಗೆಯಾಗುವುದು ಹೇಗೆ? ಈ ಒಂದು ಸತ್ಯವನ್ನು ಅರಿತ ತಾಯಿಯು ತನ್ನ ಮಗಳನ್ನು ಮೂರು ದಿನ ಹೊರಗೆ ಕೂರಿಸಲಾರಳು.

ಅಂಡಾಣುವೂ ವೀರ್ಯಾಣುವೂ ಕೂಡಿದರೆ ಭ್ರೂಣವು ಮೊಳೆಯುತ್ತದೆ. ಮಾಸು ಮತ್ತು ಹೊಕ್ಕುಳುಬಳ್ಳಿಗಳ ಮೂಲಕ ಅದು ತಾಯಿಯ ರಕ್ತದಿಂದ ಆಹಾರವನ್ನೂ ಪ್ರಾಣವಾಯುವನ್ನೂ ಪಡೆಯುತ್ತದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಸುಮಾರು 280 ದಿನಗಳಿಗೆ ಹೆರಿಗೆ. ತಾಯಿಯಲ್ಲಿ ರಕ್ತಹೀನತೆ ಇದ್ದರೆ ಇಬ್ಬರಿಗೂ ಆಪತ್ತು. ಬಸುರಿಯು ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಮನೆಯಲ್ಲಿ ಹುಟ್ಟಲಿರುವ ಕೂಸೂ ಅರೆಹೊಟ್ಟೆಯಲ್ಲಿಯೇ ಬೆಳೆಯಬೇಕಾಗುತ್ತದೆ. ಇನ್ನು ಹುಟ್ಟುವುದು ಗಂಡೋ ಹೆಣ್ಣೋ ಎಂಬುದು ತಾಯಿಯ ಕೈಯಲ್ಲಿಲ್ಲ. ತಾಯಿಯ ಅಂಡಾಣುವಿನಲ್ಲಿ ಸದಾ ಎಕ್ಸ್ ವರ್ಣತಂತುವೇ ಇರುತ್ತದೆ. ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಅಥವಾ ವೈ ಇರುತ್ತದೆ. ವೈ ಬಂದರೆ ಗಂಡು, ಎಕ್ಸ್ ಬಂದರೆ ಹೆಣ್ಣು. 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿಯು ಕೀಟಗಳಲ್ಲಿ ಈ ಗುಟ್ಟನ್ನು ಕಂಡುಹಿಡಿದಳು. ಆಕೆಯೂ ಒಬ್ಬ ಮಹಿಳೆಯೆಂಬುದು ಗಮನಾರ್ಹ. ಮಕ್ಕಳಾಗದಿರುವ ದೋಷವೂ ಹೆಣ್ಣಿನಲ್ಲಿರುವಂತೆಯೇ ಗಂಡಿನಲ್ಲಿಯೂ ಇರಬಹುದು. ಹಾಗಿದ್ದರೂ ನಿಂದೆಯೆಲ್ಲವೂ ಹೆಣ್ಣಿನ ಪಾಲಿಗೇ ಬರುತ್ತಿತ್ತು. ಶರೀರಶಾಸ್ತ್ರದ ನಾಲ್ಕು ಸಾಲುಗಳು ಶತಮಾನಗಳ ಅನ್ಯಾಯವನ್ನು ಪ್ರಶ್ನಿಸಬಲ್ಲವು.

ಈ ಜ್ಞಾನವು ಕನ್ನಡದಲ್ಲಿಯೇ ಏಕೆ ಬೇಕಿತ್ತು ಎಂಬುದನ್ನು ಅರಿಯಲು ಮತ್ತೆ ಕಲಬುರಗಿಯ ಸೀಮೆಯತ್ತ ನೋಡಬೇಕು. 1948ರವರೆಗೆ ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿಯ ಆಡಳಿತಭಾಷೆ ಉರ್ದು. ಉನ್ನತ ಶಿಕ್ಷಣದ ಮಾಧ್ಯಮವೂ ಉರ್ದು. ಮನೆಯಲ್ಲಿ ಕನ್ನಡವಾಡುವ ಮಕ್ಕಳಿಗೆ ಕನ್ನಡ ಶಾಲೆಗಳು ವಿರಳ. 1956ರ ನವೆಂಬರ್ 1ರಂದು ಈ ಪ್ರದೇಶವು ವಿಶಾಲ ಮೈಸೂರು ರಾಜ್ಯವನ್ನು ಸೇರಿದ ಮೇಲೆ ಕನ್ನಡ ಶಾಲೆಗಳು ಬೆಳೆದವು. 1963ರಲ್ಲಿ ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜೊಂದು ಆರಂಭವಾಯಿತು. ಅಲ್ಲಿ ಕಲಿತ ವೈದ್ಯರು ಶಾಸ್ತ್ರವನ್ನು ಓದಿದ್ದು ಇಂಗ್ಲಿಷಿನಲ್ಲಿ. ಅವರ ಮುಂದೆ ಕುಳಿತ ತಾಯಿಗೆ ತಿಳಿದಿದ್ದುದು ಕನ್ನಡ ಮಾತ್ರ. ಈ ಎರಡು ದಡಗಳ ನಡುವೆ ಸೇತುವೆ ಕಟ್ಟುವ ಕೆಲಸವನ್ನು ಅನುಪಮಾ ಅವರಂಥ ಲೇಖಕಿಯರು ಮಾಡಿದರು. ಆಗತಾನೆ ಅಕ್ಷರ ಕಲಿತ ಮೊದಲ ತಲೆಮಾರಿನ ಹೆಣ್ಣುಮಕ್ಕಳಿಗೆ ಇಂಥ ಪುಸ್ತಕವೊಂದು ದೊರೆತರೆ ಅದರ ಬೆಲೆಯನ್ನು ಹಣದಲ್ಲಿ ಅಳೆಯಲಾಗದು.

ಅನುಪಮಾ ಅವರ ಕಾದಂಬರಿಗಳಲ್ಲಿಯೂ ಇದೇ ಕಾಳಜಿ ಬೇರೊಂದು ರೂಪದಲ್ಲಿ ಕಾಣುತ್ತದೆ. ಮಹಾಭಾರತದ ಉದ್ಯೋಗಪರ್ವದಲ್ಲಿ ಮಾಧವಿಯ ಕಥೆ ಬರುತ್ತದೆ. ಗುರುದಕ್ಷಿಣೆಗಾಗಿ 800 ಕುದುರೆಗಳನ್ನು ಒದಗಿಸಬೇಕಾದ ಗಾಲವನಿಗೆ ಯಯಾತಿ ಮಹಾರಾಜನು ಕುದುರೆಗಳ ಬದಲು ತನ್ನ ಮಗಳನ್ನೇ ಕೊಡುತ್ತಾನೆ. ಅವಳು ಒಬ್ಬರಾದ ಮೇಲೊಬ್ಬರಂತೆ ಮೂವರು ಅರಸರಿಗೂ ಕೊನೆಗೆ ವಿಶ್ವಾಮಿತ್ರನಿಗೂ ಗಂಡುಮಕ್ಕಳನ್ನು ಹೆತ್ತುಕೊಡಬೇಕಾಗುತ್ತದೆ. ಈ ಪುರಾಣಕಥೆಯನ್ನು ಅವರು ‘ಮಾಧವಿ’ ಎಂಬ ಕಾದಂಬರಿಯಾಗಿ ಹೆಣ್ಣಿನ ಕಣ್ಣಿನಿಂದ ನೋಡಿ ಬರೆದರು. ಹೆಣ್ಣಿನ ಗರ್ಭವು ಪರರ ಋಣ ತೀರಿಸುವ ನಾಣ್ಯವಲ್ಲ ಎಂಬ ವಿಚಾರವು ಅದನ್ನು ಓದಿದವರ ಮನಸ್ಸಿನಲ್ಲಿ ಮೂಡದಿರದು. ಅವರ ‘ಋಣಮುಕ್ತಳು’ ಕಾದಂಬರಿಯು ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ 1984ರಲ್ಲಿ ಚಲನಚಿತ್ರವಾಯಿತು. ಮಕ್ಕಳಿಗಾಗಿ ವರ್ಷದ ಪ್ರತಿದಿನಕ್ಕೂ ಒಂದರಂತೆ ಕಥೆಗಳನ್ನು ಹೇಳುವ ‘ದಿನಕ್ಕೊಂದು ಕಥೆ’ಯ 12 ಸಂಪುಟಗಳನ್ನು ಅವರು ರಚಿಸಿದರು. ತಾಯಿಗೆ ಆರೋಗ್ಯವನ್ನೂ ಮಗುವಿಗೆ ಕಥೆಯನ್ನೂ ಕೊಟ್ಟ ಕೈ ಒಂದೇ.

ಅವರ ಸಂಸಾರದಲ್ಲಿ ಕಷ್ಟಗಳು ಕಡಿಮೆ ಇರಲಿಲ್ಲ. ಪತಿ ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದರು. ಮುಂದೆ ಅನುಪಮಾ ಅವರಿಗೇ ಕ್ಯಾನ್ಸರ್ ತಗಲಿತು. ಪರರ ರೋಗವನ್ನು ಪರೀಕ್ಷಿಸುತ್ತಿದ್ದ ವೈದ್ಯೆಯು ತಾನೇ ರೋಗಿಯಾಗಬೇಕಾಯಿತು. ಆ ಕಾಲದಲ್ಲಿ ಕ್ಯಾನ್ಸರಿನ ಹೆಸರನ್ನು ಹೇಳಲೂ ಜನರು ಅಂಜುತ್ತಿದ್ದರು. ಮನೆಯವರು ಅದನ್ನು ಗುಟ್ಟಾಗಿಡುತ್ತಿದ್ದರು. ಗುಟ್ಟಾಗಿ ಉಳಿದಷ್ಟೂ ರೋಗಕ್ಕೇ ಬಲ. ಅನುಪಮಾ ಅವರು ಅಲ್ಲಿಯೂ ನಾಚಿಕೆಗೆ ಮಣಿಯಲಿಲ್ಲ. ‘ಕ್ಯಾನ್ಸರ್ ಜಗತ್ತು’ ಎಂಬ ಪುಸ್ತಕವನ್ನು ಬರೆದು, ಜನರು ಅಂಜುತ್ತಿದ್ದ ಆ ರೋಗದ ಮಾತನ್ನೂ ಬಯಲಿನಲ್ಲಿರಿಸಿದರು. 1991ರ ಫೆಬ್ರವರಿ 15ರಂದು, ತಮ್ಮ 56ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಅವರ ನೆನಪಿನಲ್ಲಿ ಕರ್ನಾಟಕ ಲೇಖಕಿಯರ ಸಂಘವು ಬರಹಗಾರ್ತಿಯರಿಗೆ ಪ್ರಶಸ್ತಿಯನ್ನು ನೀಡುತ್ತ ಬಂದಿದೆ.

ಇಂದು ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಬಸುರಿಯನ್ನು ಕರೆದೊಯ್ಯಲು ವಾಹನಗಳಿವೆ, ಹಳ್ಳಿಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. 1978ರಿಂದ ಹೆಣ್ಣಿನ ವಿವಾಹಕ್ಕೆ ಕಾನೂನು 18 ವರ್ಷದ ಮಿತಿಯನ್ನು ವಿಧಿಸಿದೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವೇ ಇದೆ. ಮುಂದಿನ ವರ್ಷ ನೀವೂ ಅದನ್ನು ಓದುವಿರಿ. ದಾರಿಯ ಕೊರತೆ ಬಹುಮಟ್ಟಿಗೆ ನೀಗಿದೆ. ಆದರೆ ಬಾಲ್ಯವಿವಾಹವು ಪೂರ್ತಿಯಾಗಿ ಅಳಿದಿಲ್ಲ. ಮುಟ್ಟಾದ ಮಗಳನ್ನು ದೂರವಿರಿಸುವ ಮನೆಗಳು ಇನ್ನೂ ಇವೆ. ಆ ಪಾಠ ಬಂದಾಗ ತಲೆತಗ್ಗಿಸಿ ನಗುವ ಹುಡುಗರೂ, ಪುಟವನ್ನು ಮಗುಚಿಬಿಡುವ ಹುಡುಗಿಯರೂ ಇರಬಹುದು. ಹುಡುಗನ ದನಿ ಒಡೆಯುವುದು, ಹುಡುಗಿಯು ಮೈನೆರೆಯುವುದು ಎರಡೂ ಒಂದೇ ಪ್ರಕೃತಿಯ ಕಾರ್ಯಗಳು. ಎರಡರಲ್ಲಿಯೂ ನಗುವಂಥದು ಏನೂ ಇಲ್ಲ. ಆ ಪುಟಗಳನ್ನು ನೆಟ್ಟಗೆ ಕುಳಿತು, ನಿರ್ಮಲವಾದ ಮನಸ್ಸಿನಿಂದ ಓದಿ, ತಿಳಿಯದುದನ್ನು ಗುರುಗಳಲ್ಲಿ ಕೇಳುವ ವಿದ್ಯಾರ್ಥಿಯು ತೀರ್ಥಹಳ್ಳಿಯ ಆ ವೈದ್ಯೆಯು ಆರಂಭಿಸಿದ ಕೆಲಸವನ್ನು ಒಂದು ಹೆಜ್ಜೆ ಮುಂದೊಯ್ದಂತೆ.