ಹಕ್ಕಿಗಳ ಹಾದಿಯಲ್ಲಿ ಸಲೀಂ ಅಲಿ

ಮಳೆಗಾಲ ಕಳೆದು ಚಳಿಗಾಲ ಅಡಿಯಿಡುತ್ತಿದ್ದಂತೆ ಕಾರವಾರ, ಮಲ್ಪೆ, ಮಂಗಳೂರುಗಳ ಕಡಲ ತೀರಕ್ಕೆ ದೂರದ ಅತಿಥಿಗಳು ಬರತೊಡಗುತ್ತಾರೆ. ಅಳಿವೆಗಳ ಮೇಲೆ ಸುತ್ತುತ್ತ, ಮೀನುಗಾರರ ದೋಣಿಗಳನ್ನು ಹಿಂಬಾಲಿಸುತ್ತ ಹಾರಾಡುವ ಈ ಕಡಲಹಕ್ಕಿಗಳನ್ನು ಸೀಗಲ್ ಎಂದು ಕರೆಯುತ್ತಾರೆ. ಇವುಗಳಲ್ಲಿ ಕಂದುತಲೆಯ ಜಾತಿಯವು ಲಡಾಖ್, ಟಿಬೆಟ್ ಮೊದಲಾದ ಎತ್ತರದ ಪ್ರದೇಶಗಳ ಸರೋವರಗಳಲ್ಲಿ ಮರಿಮಾಡುತ್ತವೆ. ನಮ್ಮ ತೀರದಲ್ಲಿರುವಾಗ ಅವುಗಳ ತಲೆಯ ಕಂದು ಬಣ್ಣ ಮಾಸಿ, ಕಣ್ಣಿನ ಹಿಂದೆ ಕಪ್ಪು ಮಚ್ಚೆಯೊಂದು ಮಾತ್ರ ಉಳಿದಿರುತ್ತದೆ. ಬೇಸಗೆ ಬಲಿಯುವ ಹೊತ್ತಿಗೆ ಅವು ಮತ್ತೆ ಉತ್ತರಕ್ಕೆ ಹೊರಟುಹೋಗುತ್ತವೆ. ಒಳನಾಡಿನ ಕೆರೆಗಳಿಗೂ ಇದೇ ಕಾಲದಲ್ಲಿ ಬಗೆಬಗೆಯ ಬಾತುಗಳು ಬಂದಿಳಿಯುತ್ತವೆ. ಈ ಹಕ್ಕಿಗಳು ಎಲ್ಲಿಂದ ಬರುತ್ತವೆ, ಯಾವ ಹಾದಿಯಲ್ಲಿ ಹಾರುತ್ತವೆ ಎಂಬುದನ್ನು ನಮ್ಮ ದೇಶದಲ್ಲಿ ವ್ಯಾಪಕವಾಗಿ ಶೋಧಿಸಿದವರಲ್ಲಿ ಡಾ. ಸಲೀಂ ಅಲಿಯವರು ಅಗ್ರಗಣ್ಯರು.

ಸಲೀಂ ಅಲಿಯವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಹತ್ತು ಮಂದಿ ಮಕ್ಕಳಲ್ಲಿ ಇವರೇ ಕಡೆಯವರು. ಎಳವೆಯಲ್ಲಿಯೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಈ ಬಾಲಕನನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ಸಾಕಿ ಸಲಹಿದರು. ಮಾವನು ಕೊಟ್ಟ ಆಟದ ಬಂದೂಕಿನಿಂದ ಬಾಲಕನು ಒಮ್ಮೆ ಒಂದು ಗುಬ್ಬಚ್ಚಿಯನ್ನು ಹೊಡೆದು ಕೆಡವಿದನು. ಅದರ ಕೊರಳಿನಲ್ಲಿ ಹಳದಿಯ ಮಚ್ಚೆಯಿತ್ತು. ಅದು ಯಾವ ಹಕ್ಕಿಯೆಂದು ಮಾವನಿಗೂ ತಿಳಿಯಲಿಲ್ಲ. ಅವರು ಹುಡುಗನನ್ನು ಮುಂಬಯಿಯ ನಿಸರ್ಗ ಇತಿಹಾಸ ಸಂಘಕ್ಕೆ ಕಳುಹಿಸಿದರು. ಸಂಘದ ಕಾರ್ಯದರ್ಶಿಗಳಾಗಿದ್ದ ಮಿಲ್ಲಾರ್ಡರು ಅದನ್ನು ಹಳದಿಕೊರಳಿನ ಗುಬ್ಬಚ್ಚಿಯೆಂದು ಗುರುತಿಸಿದರಲ್ಲದೆ, ಸಂಗ್ರಹದಲ್ಲಿದ್ದ ನೂರಾರು ಹಕ್ಕಿಗಳನ್ನು ತೆರೆದು ತೋರಿಸಿದರು. ಬೇಟೆಯ ಬಯಕೆಯಿಂದ ಬಂದೂಕು ಹಿಡಿದಿದ್ದ ಬಾಲಕನಲ್ಲಿ ಅರಿವಿನ ಹಸಿವು ಹುಟ್ಟಿತು.

ಅವರ ಜೀವನದ ಹಾದಿ ಮಾತ್ರ ಸುಗಮವಾಗಿರಲಿಲ್ಲ. ಕುಟುಂಬದ ವ್ಯಾಪಾರಕ್ಕಾಗಿ ಬರ್ಮಾ ದೇಶಕ್ಕೆ ಹೋದರು. ಆದರೆ ಅವರ ಕಣ್ಣು ಲೆಕ್ಕದ ಪುಸ್ತಕಕ್ಕಿಂತ ಅಲ್ಲಿನ ಕಾಡುಗಳ ಹಕ್ಕಿಗಳ ಮೇಲೆಯೇ ಇರುತ್ತಿತ್ತು. ವ್ಯಾಪಾರ ಕೈಹಿಡಿಯಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಕರ ಕೆಲಸ ದೊರೆಯಿತು. ಬಳಿಕ ಅವರು ಜರ್ಮನಿಗೆ ತೆರಳಿ, ಬರ್ಲಿನ್ನಿನಲ್ಲಿ ಪ್ರಸಿದ್ಧ ಪಕ್ಷಿಶಾಸ್ತ್ರಜ್ಞರಾದ ಸ್ಟ್ರೆಸೆಮಾನರ ಬಳಿ ಅಭ್ಯಾಸ ಮಾಡಿದರು. ಉತ್ತರ ಸಮುದ್ರದ ಹೆಲಿಗೊಲೆಂಡ್ ದ್ವೀಪದಲ್ಲಿ ವಲಸೆ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮತ್ತೆ ಹಾರಿಬಿಡುವ ವಿದ್ಯೆಯನ್ನು ಕಲಿತರು. 1930ರಲ್ಲಿ ತಾಯ್ನಾಡಿಗೆ ಮರಳಿದಾಗ ಹಣದ ಅಭಾವದಿಂದ ಅವರ ಹುದ್ದೆಯೇ ರದ್ದಾಗಿತ್ತು. ಅವರು ಎದೆಗುಂದದೆ, ಕಡಲ ತೀರದ ಕಿಹೀಂ ಎಂಬ ಹಳ್ಳಿಯಲ್ಲಿ ನೆಲಸಿ, ಗೀಜಗನ ಹಕ್ಕಿಯ ಬಾಳನ್ನು ದಿನವಿಡೀ ಕುಳಿತು ನೋಡಿ ಬರೆದರು. ಆ ಲೇಖನವು ಅವರಿಗೆ ಹೆಸರು ತಂದಿತು.

ಪತ್ನಿ ತೆಹ್ಮೀನಾ ಅವರು ಎಲ್ಲ ಕಷ್ಟಗಳಲ್ಲಿಯೂ ಜೊತೆಗಿದ್ದರು. 1939ರಲ್ಲಿ ಅವರು ತೀರಿಕೊಂಡರು. ಆ ದುಃಖವನ್ನು ಹೊತ್ತುಕೊಂಡೇ ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಶ್ರೀರಂಗಪಟ್ಟಣದ ಬಳಿಯ ಕಾವೇರಿ ನದಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡುಕಟ್ಟುವುದನ್ನು ಕಂಡು, ಅವನ್ನು ಕಾಪಾಡಬೇಕೆಂದು ಅರಸರಿಗೆ ಬಿನ್ನವಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಮುಂದೆ ಕನ್ನಡ ನಾಡಿನ ಒಂದು ವಿಪತ್ತು ಅವರನ್ನು ದೊಡ್ಡ ಶೋಧನೆಗೆ ಎಳೆಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಸವಳಂಗ, ಹೊನ್ನಾಳಿಗಳು ಆಗ ಅದೇ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ಮಂಗನ ಕಾಯಿಲೆಯೆಂದು ಹೆಸರಾದ ಈ ರೋಗದ ವೈರಾಣು ರಷ್ಯಾದಲ್ಲಿ ಕಂಡುಬಂದಿದ್ದ ಒಂದು ವೈರಾಣುವನ್ನು ಹೋಲುತ್ತಿತ್ತು. ಎರಡನ್ನೂ ಹರಡುವುದು ಉಣುಗು. ಹಾಗಾದರೆ, ಸೈಬೀರಿಯದ ಕಡೆಯಿಂದ ಬರುವ ಹಕ್ಕಿಗಳೇ ಮೈಮೇಲಿನ ಉಣುಗುಗಳೊಡನೆ ಈ ರೋಗವನ್ನು ತಂದವೇ ಎಂಬ ಸಂಶಯವು ವಿಜ್ಞಾನಿಗಳಲ್ಲಿ ಮೂಡಿತು.

ಸಂಶಯವೊಂದೇ ಸಾಲದು, ಅದಕ್ಕೆ ಸಾಕ್ಷ್ಯ ಬೇಕು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಿಸರ್ಗ ಇತಿಹಾಸ ಸಂಘವು ಸಲೀಂ ಅಲಿಯವರ ನೇತೃತ್ವದಲ್ಲಿ ವಲಸೆ ಹಕ್ಕಿಗಳ ಅಧ್ಯಯನವನ್ನು ಕೈಗೊಂಡಿತು. ಕಣ್ಣಿಗೆ ಕಾಣದಷ್ಟು ನವಿರಾದ ಬಲೆಗಳನ್ನು ಕಟ್ಟಿ ಹಕ್ಕಿಗಳನ್ನು ನೋವಾಗದಂತೆ ಹಿಡಿಯುತ್ತಿದ್ದರು. ಅವುಗಳ ತೂಕವನ್ನೂ ರೆಕ್ಕೆಯ ಅಳತೆಯನ್ನೂ ಬರೆದುಕೊಂಡು, ಮೈಮೇಲಿನ ಉಣುಗುಗಳನ್ನು ಪರೀಕ್ಷೆಗೆ ತೆಗೆದಿಡುತ್ತಿದ್ದರು. ಸಂಖ್ಯೆಯನ್ನೂ ಸಂಘದ ಹೆಸರನ್ನೂ ಕೆತ್ತಿದ ಹಗುರವಾದ ಲೋಹದ ಉಂಗುರವನ್ನು ಕಾಲಿಗೆ ತೊಡಿಸಿ ಬಿಟ್ಟುಬಿಡುತ್ತಿದ್ದರು. ಆ ಹಕ್ಕಿ ಬೇರೆ ದೇಶದಲ್ಲಿ ಯಾರ ಕೈಗಾದರೂ ಸಿಕ್ಕಿ, ಉಂಗುರದ ಸಂಖ್ಯೆ ಸಂಘಕ್ಕೆ ತಲುಪಿದರೆ, ಅದು ಹಾರಿದ ದೂರವು ತಿಳಿಯುತ್ತಿತ್ತು. ರಾಜಸ್ಥಾನದ ಭರತಪುರದಿಂದ ಮೊದಲುಗೊಂಡು ತಮಿಳುನಾಡಿನ ಕಡಲ ತೀರದ ಕೋಡಿಯಕ್ಕರೆಯವರೆಗೆ ಈ ಕಾರ್ಯವು ಹಲವು ವರ್ಷ ನಡೆಯಿತು.

ಮಂಗನ ಕಾಯಿಲೆಯನ್ನು ವಲಸೆ ಹಕ್ಕಿಗಳು ತಂದವೆಂಬುದಕ್ಕೆ ಖಚಿತವಾದ ಆಧಾರ ದೊರೆಯಲಿಲ್ಲ. ನಮ್ಮ ಕಾಡಿನ ಉಣುಗುಗಳಿಂದಲೇ ರೋಗವು ಮಂಗಗಳಿಗೂ ಮನುಷ್ಯರಿಗೂ ಅಂಟುತ್ತದೆಯೆಂಬುದು ಸ್ಪಷ್ಟವಾಯಿತು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಆಗಿನ ಸೋವಿಯತ್ ದೇಶದಲ್ಲಿ ದೊರೆತವು. ಹಕ್ಕಿಗಳ ಮೇಲಿನ ಸಂಶಯದಿಂದ ಆರಂಭವಾದ ಕಾರ್ಯವು ಅವುಗಳ ಹಾದಿಯನ್ನೇ ನಮಗೆ ತೋರಿಸಿಕೊಟ್ಟಿತು.

ಸಲೀಂ ಅಲಿಯವರು ಅಮೆರಿಕದ ಡಿಲ್ಲನ್ ರಿಪ್ಲಿಯವರೊಡನೆ ಭಾರತ ಮತ್ತು ಪಾಕಿಸ್ತಾನಗಳ ಹಕ್ಕಿಗಳನ್ನು ಕುರಿತ ಹತ್ತು ಸಂಪುಟಗಳ ಮಹಾಗ್ರಂಥವನ್ನು 1968ರಿಂದ 1974ರ ಅವಧಿಯಲ್ಲಿ ಹೊರತಂದರು. ಭಾರತ ಸರ್ಕಾರವು 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನಿತ್ತು ಗೌರವಿಸಿತು. 1985ರಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು. 1987ನೆಯ ಇಸವಿ ಜೂನ್ ತಿಂಗಳಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಮುಂಬಯಿಯಲ್ಲಿ ನಿಧನರಾದರು.

ಅವರ ಜನ್ಮದಿನವನ್ನು ನಮ್ಮ ದೇಶದಲ್ಲಿ ಪಕ್ಷಿ ದಿನವನ್ನಾಗಿ ಆಚರಿಸುತ್ತಾರೆ. ಅದು ಬರುವುದು ನವೆಂಬರ್ ತಿಂಗಳಿನಲ್ಲಿ, ವಲಸೆ ಹಕ್ಕಿಗಳು ನಮ್ಮ ಕೆರೆಗಳಿಗೂ ಕಡಲ ತೀರಕ್ಕೂ ಬಂದು ನೆಲಸುವ ಕಾಲದಲ್ಲಿ. ನೋಡಿದ್ದನ್ನು ಅಂದಂದೇ ಬರೆದಿಡಬೇಕು, ಆಧಾರವಿಲ್ಲದೆ ಯಾವ ತೀರ್ಮಾನಕ್ಕೂ ಬರಬಾರದು ಎಂಬ ನಿಯಮವನ್ನು ಅವರು ಬಾಳಿನುದ್ದಕ್ಕೂ ಪಾಲಿಸಿದರು. ಊರ ಕೆರೆಯ ಏರಿಯ ಮೇಲೆ ನಿಂತು ಬಾತುಗಳನ್ನು ಎಣಿಸಿ ಬರೆದಿಡುವ ವಿದ್ಯಾರ್ಥಿಯೂ ಅದೇ ಹಾದಿಯಲ್ಲಿ ನಡೆಯಬಲ್ಲನು.